ಪ್ಲಾನು ಯಾರ ಕೈಯಲ್ಲಿ, ಕಡತ ಯಾರ ಬೀರುವಿನಲ್ಲಿ?

(ಸೋಮವಾರಪೇಟೆಯಲ್ಲಿ ಗಿರಣಿ ಕಾರ್ಮಿಕರ ಹಾಗೂ ಸಣ್ಣ ವರ್ತಕರ ಸಭೆಯಲ್ಲಿ ಮಾಡಿದ ಭಾಷಣ)



ಸಂತೆಯ ದಿನದ ವ್ಯಾಪಾರ ಮುಗಿಸಿ, ಗಿರಣಿಯ ಪಾಳಿ ಮುಗಿಸಿ, ದಣಿದ ಮೈಯಲ್ಲೇ ನೀವು ಇಲ್ಲಿಗೆ ಬಂದಿದ್ದೀರಿ. ಆದುದರಿಂದ ಪೀಠಿಕೆಯನ್ನು ಬೆಳೆಸದೆ ನೇರವಾಗಿ ವಿಷಯಕ್ಕೆ ಬರುತ್ತೇವೆ. ಸರ್ಕಾರಿ ಕಾಮಗಾರಿಗಳ ಯೋಜನೆ ಹಾಕುವ ಕೆಲಸವನ್ನೂ, ಅವುಗಳ ನಕ್ಷೆ ಮತ್ತು ಕಾಗದಪತ್ರಗಳನ್ನು ಕಾಯ್ದಿಡುವ ಕೆಲಸವನ್ನೂ ಹೊರಗಿನ ಸಲಹೆಗಾರ ಕಂಪೆನಿಗಳಿಗೆ ಗುತ್ತಿಗೆ ಕೊಡುವ ಪದ್ಧತಿ ಈಗ ಎಲ್ಲ ಕಡೆ ಹಬ್ಬಿದೆ. ಇದು ದೊಡ್ಡವರ ವ್ಯವಹಾರ, ನಮಗೇನು ಎಂದು ನಿಮ್ಮಲ್ಲಿ ಕೆಲವರಿಗೆ ಅನ್ನಿಸಬಹುದು. ಇದು ನಮ್ಮ ಮನೆ ಬಾಗಿಲಿನ ವ್ಯವಹಾರವೇ ಎಂದು ತೋರಿಸುವುದಕ್ಕಾಗಿಯೇ ನಾವು ಇಲ್ಲಿ ನಿಂತಿದ್ದೇವೆ.

ಅಂಗಡಿ ಇಟ್ಟವರನ್ನು ಮೊದಲು ಕೇಳುತ್ತೇವೆ. ತೂಕ ಹಾಕಲು ಆಳು ಇಡುತ್ತೀರಿ, ಮೂಟೆ ಹೊರಲು ಹಮಾಲಿ ಕರೆಯುತ್ತೀರಿ. ಆದರೆ ಕಿರ್ದಿ, ಖಾತೆ ಎರಡನ್ನೂ ಕಟ್ಟಿ ಪರಊರಿನವನ ಮನೆಯಲ್ಲಿಟ್ಟು, ಸಾಲ ಎಷ್ಟು, ಬಾಕಿ ಎಷ್ಟು ಎಂದು ತಿಳಿಯಲು ಅವನ ಬಾಗಿಲಿಗೆ ಹೋಗುವ ವರ್ತಕ ಈ ಪೇಟೆಯಲ್ಲಿ ಒಬ್ಬನಾದರೂ ಇದ್ದಾನೆಯೇ? ಕಾಫಿ ಗಿರಣಿಯಲ್ಲಿ ದುಡಿಯುವವರನ್ನೂ ಕೇಳುತ್ತೇವೆ. ಬೆಳೆಗಾರನ ಕಾಫಿ ಬಂದೊಡನೆ ಅದಕ್ಕೊಂದು ನಂಬರು ಬೀಳುತ್ತದೆ. ಒಣಗಿಸುವಾಗ, ಸಿಪ್ಪೆ ಬಿಡಿಸುವಾಗ, ಜರಡಿ ಹಿಡಿಯುವಾಗ, ಆರಿಸುವಾಗ ಆ ನಂಬರಿನ ಚೀಟಿ ಜೊತೆಯಲ್ಲೇ ಸಾಗುತ್ತದೆ. ಚೀಟಿ ಕಳೆದರೆ ಯಾರ ಕಾಫಿ ಯಾವುದೆಂದು ದೇವರಿಗೂ ತಿಳಿಯದು. ಕಾಮಗಾರಿಯಲ್ಲಿ ಕಾಗದದ ಹತೋಟಿ ಎಂದರೆ ಇದೇ ಚೀಟಿಯ ಕೆಲಸ. ನಕ್ಷೆ ಮೊದಲು ಒಂದು ಬರುತ್ತದೆ, ಆಮೇಲೆ ಅದಕ್ಕೆ ತಿದ್ದುಪಡಿ, ಆ ತಿದ್ದುಪಡಿಗೆ ಇನ್ನೊಂದು ತಿದ್ದುಪಡಿ. ಈಗ ನಡೆಯುವ ನಕ್ಷೆ ಯಾವುದು, ಅದನ್ನು ಒಪ್ಪಿದವರು ಯಾರು, ಯಾವ ದಿನ ಯಾರ ಕೈಗೆ ಕೊಟ್ಟರು, ಕಟ್ಟಿದ ಮೇಲೆ ನಿಜವಾಗಿ ಕಟ್ಟಿದ್ದು ಹೇಗಿದೆ, ಇಷ್ಟನ್ನೂ ಬರೆದಿಡಬೇಕು.

ಯೋಜನೆ ಹಾಕುವುದೆಂದರೆ ಯಾವ ಕೆಲಸದ ಹಿಂದೆ ಯಾವ ಕೆಲಸ, ಯಾವುದು ತಡವಾದರೆ ಇಡೀ ಕಾಮಗಾರಿ ತಡವಾಗುತ್ತದೆ ಎಂದು ಮೊದಲೇ ಲೆಕ್ಕ ಹಾಕುವುದು. ಇದಕ್ಕೆ 1957ರಲ್ಲಿ ಅಮೆರಿಕದ ಡ್ಯೂಪಾಂಟ್ ಕಂಪೆನಿಯಲ್ಲಿಯೂ, 1958ರಲ್ಲಿ ಆ ದೇಶದ ನೌಕಾದಳದಲ್ಲಿಯೂ ಹೊಸ ಗಣಿತ ಹುಟ್ಟಿತು. ವಿದ್ಯೆ ಒಳ್ಳೆಯದೇ. ಆದರೆ ಜೂನಿನಿಂದ ಸೆಪ್ಟೆಂಬರಿನವರೆಗೆ ಶಾಂತಳ್ಳಿಯ ಕಡೆ ಮಣ್ಣು ಅಗೆಯಲಾಗದು ಎಂಬುದು ಯಾವ ಗಣಿತದಲ್ಲಿಯೂ ತಾನಾಗಿ ಹುಟ್ಟುವುದಿಲ್ಲ. ಪುಷ್ಪಗಿರಿಯ ಮಳೆಯನ್ನು ಕಂಡವನು ಅದನ್ನು ಲೆಕ್ಕಕ್ಕೆ ಸೇರಿಸಬೇಕು.

ಕೆಲವು ಕಾಲದ ಹಿಂದೆ ಒಂದು ಚರಂಡಿಯ ವಿಷಯವಾಗಿ ನಾವು ನಾಲ್ಕು ಮಂದಿ ಒಂದು ಕಚೇರಿಗೆ ಹೋಗಿದ್ದೆವು. ಹಾಕುತ್ತಿದ್ದ ಕೊಳವೆ ನಮ್ಮ ಮಳೆಗೆ ಸಾಲದು ಎಂಬುದು ನಮ್ಮ ದೂರು. ನಕ್ಷೆ ತೋರಿಸಿ ಎಂದೆವು. ಮೇಸ್ತ್ರಿಯ ಕೈಯಲ್ಲಿ ಒಂದು ನಕ್ಷೆ, ಕಚೇರಿಯಲ್ಲಿ ಇನ್ನೊಂದು. ಎರಡರಲ್ಲಿಯೂ ಕೊಳವೆಯ ಅಳತೆ ಬೇರೆ ಬೇರೆ. ಕೊನೆಯದು ಯಾವುದು ಎಂದರೆ, "ಅದು ಸಲಹೆಗಾರರ ಕಂಪ್ಯೂಟರಿನಲ್ಲಿದೆ, ಅವರ ಗುತ್ತಿಗೆಯ ಅವಧಿ ಮುಗಿದಿದೆ" ಎಂಬ ಉತ್ತರ. ಆ ಮಾತು ಹೇಳಿದ ಹುಡುಗಿಯೂ ಹೊರಗುತ್ತಿಗೆಯವಳೇ. ಅವಳ ಮೇಲೆ ನಮಗೆ ಕೋಪವಿಲ್ಲ. ನಾಳೆ ತಾನಿರುತ್ತೇನೋ ಇಲ್ಲವೋ ಎಂದು ತಿಳಿಯದವಳು ಇಪ್ಪತ್ತು ವರ್ಷದ ಕಡತವನ್ನು ಹೇಗೆ ಕಾಯ್ದಾಳು? ಕ್ರಮವಾದ ನೇಮಕಾತಿ ಇಲ್ಲದೆ ಸೇರಿದ ಹಂಗಾಮಿಯವರಿಗೆ ಕಾಯಂ ಆಗುವ ಹಕ್ಕಿಲ್ಲ ಎಂದು ಸುಪ್ರೀಂ ಕೋರ್ಟು 2006ರಲ್ಲಿ ಉಮಾದೇವಿ ಪ್ರಕರಣದಲ್ಲಿ ಹೇಳಿತು. ಆ ಮೊಕದ್ದಮೆ ನಮ್ಮ ಕರ್ನಾಟಕದ್ದೇ. ಹಂಗಾಮಿ ನೇಮಕವನ್ನೇ ಪದ್ಧತಿ ಮಾಡಿಕೊಳ್ಳಬಾರದೆಂದು ಸರ್ಕಾರಗಳಿಗೆ ಆ ತೀರ್ಪಿನಲ್ಲಿ ಬುದ್ಧಿಮಾತೂ ಇತ್ತು. ಸರ್ಕಾರಗಳು ಮೊದಲಿನ ಮಾತನ್ನು ನೆನಪಿಟ್ಟುಕೊಂಡು ಎರಡನೆಯದನ್ನು ಮರೆತವು.

ಹಿಂದೆ ಹೀಗಿರಲಿಲ್ಲ. ವಿಶ್ವೇಶ್ವರಯ್ಯನವರು 1909ರಲ್ಲಿ ಮೈಸೂರಿನ ಮುಖ್ಯ ಎಂಜಿನಿಯರಾದರು. 1911ರಲ್ಲಿ ಕನ್ನಂಬಾಡಿಯ ಕೆಲಸ ಮೊದಲಾಯಿತು. ಸಿಮೆಂಟಿಗೆ ಕಾಯದೆ ಸುರ್ಕಿ ಗಾರೆಯಲ್ಲಿ ಕಟ್ಟಿದ ಆ ಅಣೆಕಟ್ಟು ಇಲಾಖೆಯ ಸ್ವಂತ ಬುದ್ಧಿಯ ಫಲ. ಅದರ ಪಕ್ಕದಲ್ಲೇ 1944ರಲ್ಲಿ ಎಂಜಿನಿಯರಿಂಗ್ ಸಂಶೋಧನಾ ಕೇಂದ್ರ ಹುಟ್ಟಿತು. ನಮ್ಮ ಹಾರಂಗಿಯನ್ನೇ ನೋಡಿ: 8.5 ಟಿ.ಎಂ.ಸಿ. ನೀರು ಹಿಡಿಯುವ ಜಲಾಶಯವನ್ನು ರಾಜ್ಯದ ನೀರಾವರಿ ಇಲಾಖೆ ಕಟ್ಟಿತು. ಆ ಕಾಲದ ಎಂಜಿನಿಯರುಗಳು ದೇವತೆಗಳಾಗಿದ್ದರೆಂದು ನಾವು ಹೇಳುವುದಿಲ್ಲ. ಆಗಲೂ ಲಂಚವಿತ್ತು, ವಿಳಂಬವಿತ್ತು. ಮುಳುಗಡೆಯಾದವರ ಕಣ್ಣೀರೂ ಇತ್ತು. ಆದರೆ ತಪ್ಪಾದರೆ ಕೇಳಲು ಒಂದು ಕುರ್ಚಿ ಇತ್ತು, ತೆಗೆದು ನೋಡಲು ಒಂದು ಕಡತ ಇತ್ತು.

ಸ್ವಾತಂತ್ರ್ಯ ಬಂದ ಮೇಲೂ ಈ ಪ್ರಶ್ನೆ ದೇಶದ ಮುಂದೆ ಬಂದಿತ್ತು. ಉಕ್ಕಿನ ಕಾರ್ಖಾನೆಗಳ ನಕ್ಷೆಗೆ ಸದಾ ಪರದೇಶದವರ ಕೈ ಕಾಯಬಾರದೆಂದು 1959ರಲ್ಲಿ ಹಿಂದೂಸ್ತಾನ್ ಸ್ಟೀಲ್ ತನ್ನದೇ ವಿನ್ಯಾಸ ಕಚೇರಿಯನ್ನು ತೆರೆಯಿತು. ಅದೇ ಮುಂದೆ ಮೆಕಾನ್ ಆಯಿತು. ಬೊಕಾರೋದ ಕಥೆ ಇನ್ನೊಂದು ಬಗೆಯದು. ಅದರ ಯೋಜನಾ ವರದಿ ಬರೆದದ್ದು ದಸ್ತೂರ್ ಎಂಬ ನಮ್ಮ ದೇಶದ್ದೇ ಸಲಹೆಗಾರ ಸಂಸ್ಥೆ. 1963ರಲ್ಲಿ ಅಮೆರಿಕ ನೆರವಿನಿಂದ ಹಿಂದೆ ಸರಿಯಿತು, 1965ರಲ್ಲಿ ಸೋವಿಯತ್ ಒಪ್ಪಂದವಾಯಿತು, ವಿನ್ಯಾಸದ ಕೆಲಸ ಅವರ ಪಾಲಾಯಿತು. ವೆಚ್ಚ ತಗ್ಗಿಸಲು ದಸ್ತೂರ್ ಕೊಟ್ಟ ಸೂಚನೆಗಳಲ್ಲಿ ಅಲ್ಪಾಂಶಕ್ಕೆ ಮಾತ್ರ ಒಪ್ಪಿಗೆ ಸಿಕ್ಕಿತು. ಹಣ ಕೊಟ್ಟವನ ಧ್ವಜ ಯಾವ ಬಣ್ಣದ್ದಾದರೂ, ಪ್ಲಾನು ಅವನ ಕೈಯಲ್ಲಿದ್ದರೆ ಖರ್ಚು ಎಷ್ಟೆಂದು ಹೇಳುವವನೂ ಅವನೇ. ಸಲಹೆಗಾರರೆಲ್ಲರೂ ಕೆಟ್ಟವರಲ್ಲ ಎಂಬುದಕ್ಕೂ ಇದೇ ಸಾಕ್ಷಿ. ಪ್ರಶ್ನೆ ಇರುವುದು ಹತೋಟಿಯದು.

ಈಗಿನ ಸ್ಥಿತಿ ನೋಡೋಣ. 2015ರಲ್ಲಿ ಸ್ಮಾರ್ಟ್ ಸಿಟಿ ಯೋಜನೆ ಬಂತು; ನಮ್ಮ ರಾಜ್ಯದ 7 ನಗರಗಳು ಅದಕ್ಕೆ ಸೇರಿದವು. ನಗರಸಭೆಯನ್ನು ಬದಿಗಿಟ್ಟು ಪ್ರತಿ ನಗರಕ್ಕೂ ಒಂದು ಕಂಪೆನಿ ಸ್ಥಾಪಿಸಿ, ಅದರ ಕೆಳಗೆ ಯೋಜನಾ ನಿರ್ವಹಣೆಯ ಸಲಹೆಗಾರರನ್ನು ಕೂರಿಸಿದರು. ಆ ಯೋಜನೆ 2025ರ ಮಾರ್ಚಿಗೆ ಮುಗಿಯಿತು. ಬೆಂಗಳೂರಿನಲ್ಲಿ ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುರಂಗ ರಸ್ತೆ ಮಾಡಲು ಸಲಹೆಗಾರರು ಬರೆದುಕೊಟ್ಟ ವರದಿಯಲ್ಲಿ ಮಹಾರಾಷ್ಟ್ರದ ಮಾಲೆಗಾಂವ್, ನಾಸಿಕಗಳ ಮಾತು ಸೇರಿಕೊಂಡಿತ್ತು! ಪಾಲಿಕೆ ದಂಡ ಹಾಕಿತೆಂಬುದೂ ಪತ್ರಿಕೆಗಳಲ್ಲಿ ಬಂತು. ಬೆಂಗಳೂರಿನ ಹೊಟ್ಟೆ ಕೊರೆಯುವ ಕಾಗದದಲ್ಲಿ ನಾಸಿಕ ಹೇಗೆ ಬಂತು? ಒಂದೂರಿಗೆ ಬರೆದದ್ದನ್ನೇ ಇನ್ನೊಂದೂರಿಗೆ ಅಂಟಿಸಿದರೆ ಬರುತ್ತದೆ.

ನಮ್ಮ ಕಡೆಗೂ ದೊಡ್ಡ ಕಾಮಗಾರಿ ಬರುತ್ತಿದೆ. ಮೈಸೂರಿನಿಂದ ಕುಶಾಲನಗರಕ್ಕೆ 92 ಕಿಲೋಮೀಟರಿನ ನಾಲ್ಕು ಪಥದ ಹೆದ್ದಾರಿಗೆ 2023ರ ಮಾರ್ಚ್ 12ರಂದು ಶಂಕುಸ್ಥಾಪನೆಯಾಯಿತು. ಅಂದಿನ ಅಂದಾಜು ಸುಮಾರು 4,130 ಕೋಟಿ ರೂಪಾಯಿ. ರಸ್ತೆ ಅಪಘಾತಗಳಿಗೆ ದೋಷವುಳ್ಳ ಯೋಜನಾ ವರದಿಗಳೂ ಅವನ್ನು ತಯಾರಿಸಿದವರೂ ಕಾರಣವೆಂದು ಕೇಂದ್ರ ಹೆದ್ದಾರಿ ಸಚಿವರೇ 2025ರಲ್ಲಿ ಬಹಿರಂಗವಾಗಿ ಹೇಳಿದ್ದಾರೆ. ಸಚಿವರಿಗೇ ಕಾಣುವ ದೋಷವನ್ನು ಜಮೀನು ಕಳೆದುಕೊಳ್ಳುವವನೂ, ಆ ರಸ್ತೆಯಲ್ಲಿ ಸರಕು ತರಿಸುವ ವರ್ತಕನೂ ಕೇಳಬಾರದೇ?

ಎಲ್ಲಕ್ಕಿಂತ ನಮಗೆ ಹತ್ತಿರದ್ದು ನೀರು. 2019ರ ಜಲ ಜೀವನ ಯೋಜನೆಯ ನಿಯಮದಲ್ಲಿ ಬರೆದಿರುವುದು ಚೆನ್ನಾಗಿಯೇ ಇದೆ. ಗ್ರಾಮದ ನೀರಿನ ಸಮಿತಿ ಗ್ರಾಮ ಕ್ರಿಯಾ ಯೋಜನೆ ಮಾಡಬೇಕು, ಗ್ರಾಮಸಭೆ ಅದನ್ನು ಒಪ್ಪಬೇಕು, ಸಮಿತಿಯಲ್ಲಿ ಅರ್ಧದಷ್ಟು ಹೆಂಗಸರಿರಬೇಕು. ಊರೊಳಗಿನ ಕೆಲಸಕ್ಕೆ ಜನರ ವಂತಿಗೆಯೂ ಉಂಟು: ಗುಡ್ಡಗಾಡಿನಲ್ಲಿ ನೂರಕ್ಕೆ 5, ಉಳಿದೆಡೆ 10. ನೆರವಿಗೆ ಒಂದು ಸಂಸ್ಥೆ, ತಪಾಸಣೆಗೆ ಮೂರನೆಯ ಸಂಸ್ಥೆ. ನೆರವಿಗೆ ಬಂದವರೇ ಯೋಜನೆ ಬರೆದು ತಂದು, ಸಮಿತಿಯವರ ರುಜು ಮಾತ್ರ ಹಾಕಿಸಿಕೊಂಡು ಹೋದರೆ ಆ ನಿಯಮಕ್ಕೆ ಏನು ಬೆಲೆ? ಯಾವ ಕೆರೆ ಬೇಸಿಗೆಯಲ್ಲಿ ಬತ್ತುತ್ತದೆ, ಯಾವ ಝರಿ ಏಪ್ರಿಲಿನಲ್ಲೂ ಹರಿಯುತ್ತದೆ ಎಂದು ಬಲ್ಲವಳು ಕೊಡ ಹೊತ್ತವಳು. ಅವಳನ್ನು ಕೇಳದೆ ಹಾಕಿದ ನಲ್ಲಿಯಲ್ಲಿ ಮಳೆಗಾಲದಲ್ಲಿ ನೀರು, ಬೇಸಿಗೆಯಲ್ಲಿ ಗಾಳಿ.

ಕಾಗದ ಕಳೆದರೆ ಜೀವ ಹೋಗುವ ನಾಡು ನಮ್ಮದು. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಮಾದಾಪುರದ ಕಡೆ ಗುಡ್ಡಗಳು ಜರಿದದ್ದನ್ನು ಮರೆತವರು ಯಾರೂ ಇಲ್ಲ. ಮನೆ ಕಳೆದುಕೊಂಡವರಿಗೆ ಜಂಬೂರು ಮೊದಲಾದ ಕಡೆ ಹೊಸ ಬಡಾವಣೆಗಳು ಎದ್ದವು. ಇಪ್ಪತ್ತು ವರ್ಷದ ನಂತರ ಅಲ್ಲಿನ ಒಂದು ಗೋಡೆ ಬಿರುಕು ಬಿಟ್ಟರೆ, ತಳಪಾಯ ಎಷ್ಟು ಆಳ, ಮಣ್ಣು ತುಂಬಿದ ಜಾಗ ಯಾವುದು, ನೀರು ಹರಿಯುವ ದಾರಿ ಯಾವುದು ಎಂದು ತಿಳಿಯಲು ಕಟ್ಟಿದಂತೆ ಬರೆದ ನಕ್ಷೆ ಬೇಕು. 2022ರ ಜುಲೈಯಲ್ಲಿ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಯ ತಡೆಗೋಡೆಯೇ ಉಬ್ಬಿ, ಕೆಳಗಿನ ರಸ್ತೆಯಲ್ಲಿ ಸಂಚಾರ ನಿಲ್ಲಿಸಬೇಕಾಯಿತು. ಜಿಲ್ಲೆಯ ದೊಡ್ಡ ಕಚೇರಿಗೇ ಈ ಪಾಡು ಬರಬಹುದಾದರೆ ಬಡವನ ಮನೆಯ ಹಿಂದಿನ ಗೋಡೆಗೆ ಯಾರು ಹೊಣೆ?

ಇದು ನಮ್ಮೊಬ್ಬರ ಗೋಳಲ್ಲ. ಫ್ರಾನ್ಸಿನ ಸರ್ಕಾರ 2021ರಲ್ಲಿ ಸಲಹೆಗಾರರಿಗಾಗಿ 100 ಕೋಟಿ ಯೂರೋಗಿಂತ ಹೆಚ್ಚು ಖರ್ಚು ಮಾಡಿತೆಂದು ಅಲ್ಲಿನ ಸೆನೆಟ್ 2022ರಲ್ಲಿ ವರದಿ ಮಾಡಿತು. ಆಸ್ಟ್ರೇಲಿಯಾದಲ್ಲಿ ತೆರಿಗೆ ಕಾನೂನು ರಚಿಸಲು ಸರ್ಕಾರ ನಂಬಿ ತೋರಿಸಿದ ಗುಟ್ಟಿನ ಕಾಗದಗಳು, ಆ ತೆರಿಗೆಯನ್ನು ತಪ್ಪಿಸಿಕೊಳ್ಳಬಯಸುವ ದೊಡ್ಡ ಕಂಪೆನಿಗಳಿಗೆ ಸಲಹೆ ಮಾರಲು ಬಳಕೆಯಾದವು. 2023ರಲ್ಲಿ ಅದು ಬಯಲಾಗಿ ಆ ದೇಶವೇ ಅಲ್ಲಾಡಿತು. ಬೆಕ್ಕಿನ ಕೈಯಲ್ಲಿ ಬೆಣ್ಣೆಯ ಗಡಿಗೆ ಕೊಟ್ಟಂತಾಯಿತು.

ಇನ್ನೊಂದು ಪಕ್ಷದ ಮಾತನ್ನೂ ಕೇಳಬೇಕು. ಒಂದು ಪಟ್ಟಣ ಪಂಚಾಯತಿ ಭೂಗರ್ಭ ಶಾಸ್ತ್ರಜ್ಞನನ್ನು ಸಂಬಳ ಕೊಟ್ಟು ಇಟ್ಟುಕೊಳ್ಳಲಾರದು. ವರ್ಷಕ್ಕೊಮ್ಮೆ ಬೇಕಾಗುವ ವಿದ್ಯೆಯನ್ನು ಹೊರಗಿನಿಂದ ತರುವುದು ಜಾಣತನವೇ ಎನ್ನುತ್ತಾರೆ. ಒಪ್ಪಿದೆವು. ಆದರೆ ಅಪರೂಪದ ವಿದ್ಯೆ ತರುವುದು ಬೇರೆ, ದಿನನಿತ್ಯದ ಕೆಲಸವನ್ನೇ ಹೊರಗೆ ಹಾಕುವುದು ಬೇರೆ. ವೈದ್ಯನನ್ನು ಕರೆಯುತ್ತೇವೆ, ಅಡಿಗೆಮನೆಯ ಬೀಗದ ಕೈ ಕೊಡುವುದಿಲ್ಲ. ಅಲ್ಲದೆ ಆ ಅಪರೂಪದ ವಿದ್ಯೆಯೂ ಸಾರ್ವಜನಿಕ ರಂಗದಲ್ಲಿ ಉಂಟು. 2018ರಲ್ಲಿ ನಮ್ಮ ಗುಡ್ಡಗಳನ್ನು ನೋಡಿ ವರದಿ ಕೊಟ್ಟದ್ದು ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣಾಲಯ. ರಾಜ್ಯದ ಸುಮಾರು 2 ಕೋಟಿ ಪಹಣಿಗಳನ್ನು ಭೂಮಿ ಯೋಜನೆಯಲ್ಲಿ ಕಂಪ್ಯೂಟರಿಗೆ ಏರಿಸಿದಾಗ ಅದರ ತಂತ್ರಾಂಶ ಬರೆದದ್ದು ಸರ್ಕಾರದ್ದೇ ಆದ ರಾಷ್ಟ್ರೀಯ ಸೂಚನಾ ವಿಜ್ಞಾನ ಕೇಂದ್ರ. ಮನಸ್ಸಿದ್ದರೆ ಆಗುತ್ತದೆ.

ಹೊರಗೆ ಕೊಡುವುದು ಅಗ್ಗ ಎಂಬ ವಾದವೂ ಇದೆ. ಸಲಹೆಯ ಕೂಲಿಯನ್ನು ಅನೇಕ ಕಡೆ ಕಾಮಗಾರಿಯ ವೆಚ್ಚದ ಮೇಲೆ ನೂರಕ್ಕೆ ಇಷ್ಟು ಎಂದು ಕಟ್ಟುತ್ತಾರೆ. ಯೋಜನೆ ದೊಡ್ಡದಾದಷ್ಟೂ ಕೂಲಿ ದೊಡ್ಡದು. ಸಣ್ಣ ಮೋರಿ ಸಾಕು ಎಂದು ಹೇಳಿ ತನ್ನ ಗಳಿಕೆ ಕಡಿಮೆ ಮಾಡಿಕೊಳ್ಳುವ ವ್ಯಾಪಾರಿ ಯಾರು? ಇತ್ತ ಇಲಾಖೆಯಲ್ಲಿ ಹುದ್ದೆ ಖಾಲಿ ಬಿಟ್ಟಷ್ಟೂ ಕೆಲಸ ಬಲ್ಲವರು ಕಡಿಮೆಯಾಗುತ್ತಾರೆ. ಆಗ ಸಲಹೆಗಾರ ತಂದ ಲೆಕ್ಕ ಸರಿಯೋ ತಪ್ಪೋ ಎಂದು ನೋಡಲೂ ಇನ್ನೊಬ್ಬ ಸಲಹೆಗಾರ ಬೇಕಾಗುತ್ತಾನೆ.

ಆದುದರಿಂದ ಈ ಸಭೆಯ ಮುಂದೆ ನಾವು ನಾಲ್ಕು ಬೇಡಿಕೆ ಇಡುತ್ತೇವೆ. ಒಂದು: ಸಲಹೆಗಾರ ಬರೆದ ಪ್ರತಿಯೊಂದು ನಕ್ಷೆ, ಲೆಕ್ಕ, ತಿದ್ದುಪಡಿಯ ಪ್ರತಿ ಅಂದಂದೇ ಕಚೇರಿಗೆ ಸೇರಬೇಕು, ಕಡತದ ಯಜಮಾನ ಕಚೇರಿಯೇ ಆಗಿರಬೇಕು. ಎರಡು: ಕೊನೆಯ ಬಿಲ್ಲು ಪಾವತಿಯಾಗುವ ಮೊದಲು ಕಟ್ಟಿದಂತೆ ಬರೆದ ನಕ್ಷೆ ಪಂಚಾಯತಿಯ ಬೀರುವಿನಲ್ಲಿರಬೇಕು. ಮೂರು: ಯೋಜನಾ ವರದಿಯ ಸಾರಾಂಶವನ್ನು ಕನ್ನಡದಲ್ಲಿ ಗ್ರಾಮಸಭೆಯಲ್ಲಿ ಓದಬೇಕು, ಓದದೆ ರುಜು ಕೇಳಬಾರದು. ನಾಲ್ಕು: ಖಾಲಿ ಇರುವ ಎಂಜಿನಿಯರು, ನಕ್ಷೆಗಾರ, ಗುಮಾಸ್ತೆ ಹುದ್ದೆಗಳನ್ನು ಕ್ರಮವಾಗಿ ತುಂಬಬೇಕು.

ಬೇಡಿಕೆ ಈಡೇರುವವರೆಗೆ ಸುಮ್ಮನೆ ಕೂರಬೇಕಾಗಿಲ್ಲ. 2005ರ ಮಾಹಿತಿ ಹಕ್ಕಿನ ಕಾಯಿದೆ ಉಂಟು. 10 ರೂಪಾಯಿ ಶುಲ್ಕ, 30 ದಿನದಲ್ಲಿ ಉತ್ತರ. ಕಾಗದ ನಮ್ಮಲ್ಲಿಲ್ಲ, ಸಲಹೆಗಾರರಲ್ಲಿದೆ ಎಂದರೆ ಹಿಂದಿರುಗಬೇಡಿ. ಕಚೇರಿಯ ಕೈಯಲ್ಲಿರುವುದು ಮಾತ್ರವಲ್ಲ, ಅದರ ಹತೋಟಿಯಲ್ಲಿರುವುದೂ ಮಾಹಿತಿಯ ಹಕ್ಕಿಗೆ ಸೇರಿದ್ದೆಂದು ಕಾಯಿದೆಯಲ್ಲೇ ಇದೆ. ದುಡ್ಡು ಕೊಟ್ಟು ಬರೆಸಿದ ಕಾಗದ ನಮ್ಮ ಹತೋಟಿಯಲ್ಲಿಲ್ಲ ಎಂದು ಕಚೇರಿ ಹೇಳಿದರೆ, ಅದನ್ನು ಬರವಣಿಗೆಯಲ್ಲೇ ಕೊಡಿ ಎನ್ನಿ. ಆ ಒಂದು ಸಾಲು ನಮ್ಮ ಮುಂದಿನ ಹೋರಾಟಕ್ಕೆ ಸಾಕು.

ಮುಂದಿನ ಮಳೆಗಾಲದೊಳಗೆ ನಿಮ್ಮ ಬೀದಿಯ ಒಂದು ಮೋರಿ, ಒಂದು ನೀರಿನ ಟ್ಯಾಂಕಿ, ಒಂದು ತಡೆಗೋಡೆ ಆರಿಸಿಕೊಳ್ಳಿ. ಅದರ ಕೊನೆಯ ನಕ್ಷೆ ಕೇಳಿ ತನ್ನಿ. ಮುಂದಿನ ಸಭೆಯಲ್ಲಿ ಅವನ್ನೆಲ್ಲ ಈ ಮೇಜಿನ ಮೇಲೆ ಹರಡಿ ಕೂತು ಓದೋಣ. ನಕ್ಷೆ ಓದಲು ಬರುವುದಿಲ್ಲ ಎಂದು ಹೆದರಬೇಡಿ. ನಮಗೂ ಮೊದಲು ಬರುತ್ತಿರಲಿಲ್ಲ. ತಕ್ಕಡಿ ನೋಡಲು ಕಲಿತವನಿಗೆ ನಕ್ಷೆ ನೋಡಲು ಕಲಿಯುವುದು ಕಷ್ಟವಲ್ಲ.