ಮೂರು ಫೇಸಿನ ಮೋಟರು, ಇಪ್ಪತ್ತನಾಲ್ಕು ಬೋಗಿಯ ರೈಲು

(ಸುವರ್ಣ ಮಹೋತ್ಸವದ ಅಂಗವಾಗಿ ನಡೆದ ಹಳೆಯ ವಿದ್ಯಾರ್ಥಿಗಳ ಸಮಾವೇಶದಲ್ಲಿ ಮಾಡಿದ ಭಾಷಣದ ಬರಹ ರೂಪ)



ಸಾಫ್ಟ್‌ವೇರ್ ಇಂಜಿನಿಯರ್ ಬಂದಿದ್ದಾನೆ, ಕಂಪ್ಯೂಟರ್ ಬಗ್ಗೆ ಮಾತಾಡುತ್ತಾನೆ ಅಂತ ನೀವು ಅಂದುಕೊಂಡಿರಬಹುದು. ನಾನು ಮಾತಾಡಬೇಕು ಅಂದುಕೊಂಡಿರುವುದು ರೈಲಿನ ಕರೆಂಟ್ ಇಂಜಿನ್ ಬಗ್ಗೆ. ಕಾರಣ ಇದೆ. ಬೆಂಗಳೂರಿನಲ್ಲಿ ನಾನು ಮಾಡುವ ಕೆಲಸ, ಅಂಥ ಇಂಜಿನ್‌ಗಳ ಒಳಗೆ ಮೋಟರುಗಳನ್ನು ನಡೆಸುವ ಪ್ರೋಗ್ರಾಮುಗಳನ್ನು ಪರೀಕ್ಷೆ ಮಾಡುವುದು. ಆದರೆ ಆ ಕೆಲಸದ ಮೊದಲ ಪಾಠ ಕಲಿತದ್ದು ಬೆಂಗಳೂರಿನಲ್ಲಲ್ಲ, ನಮ್ಮ ತೋಟದ ಪಂಪ್‌ಹೌಸಿನಲ್ಲಿ.

2004ನೇ ಇಸವಿ. ನಾನು ಎಸ್ಸೆಸ್ಸೆಲ್ಸಿ. ಮೂರು ವರ್ಷದ ಬರ ಹಿರಿಯರಿಗೆಲ್ಲ ನೆನಪಿದೆ. ತೆಂಗಿನ ಸುಳಿ ಒಣಗುತ್ತಿತ್ತು. ಬೋರಿನಲ್ಲಿ ಬರುತ್ತಿದ್ದದ್ದೇ ಸ್ವಲ್ಪ ನೀರು, ತ್ರೀ ಫೇಸ್ ಕರೆಂಟು ಕೊಡುತ್ತಿದ್ದದ್ದು ಅರ್ಧ ರಾತ್ರಿಯಲ್ಲಿ. ಅಪ್ಪನಿಗೆ ಜ್ವರ ಬಂದ ಒಂದು ರಾತ್ರಿ ಬ್ಯಾಟರಿ ಹಿಡಿದುಕೊಂಡು ನಾನೇ ಹೋಗಿ ಸ್ಟಾರ್ಟರ್ ಒತ್ತಿದೆ, ಅಲ್ಲೇ ಗೋಣಿಚೀಲದ ಮೇಲೆ ಪುಸ್ತಕ ತೆರೆದುಕೊಂಡು ಮಲಗಿದೆ. ಯಾವಾಗಲೋ ಒಂದು ಫೇಸ್ ಹೋಯಿತು. ನೀರಿನ ಶಬ್ದ ಬದಲಾಯಿತು, ಸ್ಟಾರ್ಟರ್ ಗುಂಯ್ ಎನ್ನತೊಡಗಿತು. ನನಗೆ ಅದು ಕೇಳಿಸಿತು. ಆದರೂ ಏಳಲಿಲ್ಲ. ಬೆಳಿಗ್ಗೆ ಹೊತ್ತಿಗೆ ಮೋಟರು ಸುಟ್ಟಿತ್ತು.

ಮೋಟರು ಮೇಲೆತ್ತಿಸಲು, ವೈಂಡಿಂಗ್ ಮಾಡಿಸಲು ಅಮ್ಮನ ಓಲೆ ಅಡವಿಗೆ ಹೋಯಿತು. ಕರೆಂಟಿನವರನ್ನು ಬೈದುಕೊಂಡು ಅಪ್ಪ ಸುಮ್ಮನಾದರು. ಸ್ಟಾರ್ಟರ್ ಶಬ್ದ ಕೇಳಿಸಿತ್ತು ಅಂತ ನಾನು ಅವರಿಗೆ ಇವತ್ತಿನವರೆಗೂ ಹೇಳಿರಲಿಲ್ಲ. ಅಪ್ಪ ಎರಡನೇ ಸಾಲಿನಲ್ಲಿ ಕೂತಿದ್ದಾರೆ. ಇಷ್ಟು ಜನರ ಮುಂದೆ ಬೈಯಲಾರರು ಎಂಬ ಧೈರ್ಯದಿಂದ ಈಗ ಹೇಳುತ್ತಿದ್ದೇನೆ.

ಪರೀಕ್ಷೆ ಮುಗಿದ ಮೇಲೆ ಬೇಸಿಗೆ ರಜೆಯಲ್ಲಿ ತಿಪಟೂರಿನ ವೈಂಡಿಂಗ್ ಅಂಗಡಿಯಲ್ಲಿ ಕೆಲಸಕ್ಕೆ ನಿಂತೆ. ಅಲ್ಲಿನ ಅಣ್ಣ ನನಗೆ ಮೋಟರು ಬಿಚ್ಚಿ ತೋರಿಸಿದರು. ಸುತ್ತ ಮೂರು ಗುಂಪಿನ ತಂತಿ ಸುರುಳಿ, ನಡುವೆ ತಿರುಗುವ ಗುಂಡು. ಆಶ್ಚರ್ಯ ಏನೆಂದರೆ, ಹೊರಗಿನ ಕರೆಂಟಿನ ತಂತಿ ಯಾವುದೂ ಆ ಗುಂಡಿಗೆ ಹೋಗುವುದೇ ಇಲ್ಲ. ಜಾತ್ರೆಯ ರಾಟೆಯನ್ನು ಸುತ್ತಲೂ ನಿಂತ ಮೂರು ಜನ ಒಬ್ಬರಾದ ಮೇಲೆ ಒಬ್ಬರು ತಳ್ಳುತ್ತಾರೆ ಅಂದುಕೊಳ್ಳಿ. ಮೂರು ಫೇಸು ಹಾಗೆ ಸರದಿಯಲ್ಲಿ ಬಂದು, ಕಣ್ಣಿಗೆ ಕಾಣದ ಒಂದು ಅಯಸ್ಕಾಂತವನ್ನು ಸೆಕೆಂಡಿಗೆ 50 ಸುತ್ತು ಸುತ್ತಿಸುತ್ತವೆ. ಗುಂಡು ಅದರ ಹಿಂದೆ ಓಡುತ್ತದೆ. ಒಬ್ಬ ಕೈಬಿಟ್ಟರೆ ಉಳಿದವರ ಮೇಲೆ ಭಾರ ಬೀಳುತ್ತದೆ, ಸುರುಳಿ ಕಾದು ಸುಡುತ್ತದೆ. ಇದಕ್ಕೆ ಇಂಡಕ್ಷನ್ ಮೋಟರ್ ಎನ್ನುತ್ತಾರೆ. ಸವೆಯುವ ಬ್ರಷ್ ಇಲ್ಲ, ಕಿಡಿ ಇಲ್ಲ, ಗಟ್ಟಿಮುಟ್ಟು.

ಇಷ್ಟು ಒಳ್ಳೆಯ ಮೋಟರು ರೈಲಿಗೆ ಏಕೆ ಬೇಗ ಬರಲಿಲ್ಲ? ಇದೇ ಇವತ್ತಿನ ಕಥೆ.

ಕರೆಂಟಿನಿಂದ ಪ್ರಯಾಣಿಕರನ್ನು ಎಳೆದು ತೋರಿಸಿದವರು ಜರ್ಮನಿಯ ವರ್ನರ್ ಫಾನ್ ಸೀಮೆನ್ಸ್, 1879ರಲ್ಲಿ, ಬರ್ಲಿನ್ನಿನ ವಸ್ತುಪ್ರದರ್ಶನದಲ್ಲಿ. ಆಟಿಕೆಯಷ್ಟು ಪುಟ್ಟ ಇಂಜಿನ್ನು. 1902ರಲ್ಲಿ ನಮ್ಮ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ಸುಮಾರು 150 ಕಿಲೋಮೀಟರ್ ದೂರ ವಿದ್ಯುತ್ ಹರಿಯಿತು. ಅದೇ ವರ್ಷ ಇಟಲಿಯ ವಾಲ್ಟೆಲಿನಾ ಎಂಬ ಬೆಟ್ಟದ ಸೀಮೆಯಲ್ಲಿ ಹಂಗೇರಿಯ ಇಂಜಿನಿಯರ್ ಕಾಲ್ಮಾನ್ ಕಾಂಡೋ ಅವರು ತ್ರೀ ಫೇಸ್ ಮೋಟರಿನಿಂದಲೇ ರೈಲು ಓಡಿಸಿದರು. ಮೂರು ಫೇಸಿಗೆ ಮೇಲೆ ಎರಡು ತಂತಿ, ಮೂರನೆಯದಕ್ಕೆ ಹಳಿಯೇ. ಆದರೆ ಎರಡು ತೊಡಕು. ಜಂಕ್ಷನ್‌ಗಳಲ್ಲಿ ಎರಡೆರಡು ತಂತಿ ಒಂದನ್ನೊಂದು ಮುಟ್ಟದಂತೆ ದಾಟಿಸುವುದು ತಲೆನೋವು. ಎರಡನೆಯದು ಇನ್ನೂ ದೊಡ್ಡದು: ನಮ್ಮ ಪಂಪಿನ ಹಾಗೆ ಆ ಮೋಟರಿಗೂ ಕರೆಂಟು ಹೇಳಿದಷ್ಟೇ ವೇಗ. ಪಂಪು ಒಂದೇ ವೇಗದಲ್ಲಿ ತಿರುಗಿದರೆ ನಡೆಯುತ್ತದೆ. ರೈಲು ನಿಂತಲ್ಲಿಂದ ಮೆಲ್ಲಗೆ ಹೊರಡಬೇಕು, ಏರಬೇಕು, ಇಳಿಯಬೇಕು.

ಹಾಗಾಗಿ ಮುಂದೆ ಬಹುಕಾಲ ಹೆಚ್ಚಿನ ದೇಶಗಳು ಬ್ರಷ್ ಇರುವ ಮೋಟರನ್ನೇ ನೆಚ್ಚಿಕೊಂಡವು. ನಮ್ಮ ದೇಶದ ಮೊದಲ ವಿದ್ಯುತ್ ರೈಲು 1925ರ ಫೆಬ್ರವರಿ 3ರಂದು ಮುಂಬಯಿಯ ವಿಕ್ಟೋರಿಯಾ ಟರ್ಮಿನಸ್‌ನಿಂದ ಕುರ್ಲಾಕ್ಕೆ ಓಡಿದ್ದು 1,500 ವೋಲ್ಟ್ ಡಿಸಿಯಲ್ಲಿ. 1930ರಲ್ಲಿ ಹೊರಟ ಡೆಕ್ಕನ್ ಕ್ವೀನ್ ಪುಣೆಯ ಘಾಟಿ ಹತ್ತಿದ್ದೂ ಅಂಥ ಇಂಜಿನ್ನಿನಿಂದಲೇ. 1957ರಲ್ಲಿ ನಮ್ಮ ರೈಲ್ವೆ 25,000 ವೋಲ್ಟಿನ ಎಸಿಯನ್ನು ಒಪ್ಪಿಕೊಂಡಿತು. ಮೇಲೆ ಒಂದೇ ತಂತಿ, ಅಂದರೆ ಸಿಂಗಲ್ ಫೇಸ್. 1980ರಲ್ಲಿ ಬಂಗಾಳದ ಚಿತ್ತರಂಜನ್ ಕಾರ್ಖಾನೆಯಿಂದ ಪ್ರಯಾಣಿಕರ ರೈಲಿಗೆಂದೇ ಡಬ್ಲ್ಯುಎಪಿ-1 ಬಂತು, ಆಮೇಲೆ ಡಬ್ಲ್ಯುಎಪಿ-4. ಗಟ್ಟಿ ಇಂಜಿನ್‌ಗಳು. ಆದರೆ ಬ್ರಷ್ ಸವೆಯುವುದು, ಧೂಳು, ಕಿಡಿ, ಪದೇ ಪದೇ ಶೆಡ್ಡಿನ ಕೆಲಸ ತಪ್ಪುತ್ತಿರಲಿಲ್ಲ.

ಇಲ್ಲಿ ರೈತರಿಗೆ ಒಂದು ವಿಷಯ ಹೇಳಲೇಬೇಕು. ಸಿಂಗಲ್ ಫೇಸ್ ಇದ್ದಾಗ ನೀವು ಕಂಡೆನ್ಸರ್ ಹಾಕಿ ತ್ರೀ ಫೇಸ್ ಮೋಟರು ಓಡಿಸುತ್ತೀರಲ್ಲ, ಡಬ್ಲ್ಯುಎಪಿ-4ರ ಒಳಗೂ ಅದರ ಅಣ್ಣನಂಥ ಯಂತ್ರ ಒಂದಿದೆ. ಆರ್ನೋ ಕನ್ವರ್ಟರ್ ಎಂದು ಹೆಸರು. ಸಿಂಗಲ್ ಫೇಸಿನಲ್ಲಿ ತಿರುಗುತ್ತಾ ಉಳಿದ ಫೇಸನ್ನು ತಾನೇ ಹುಟ್ಟಿಸುತ್ತದೆ. ಇಂಜಿನ್ನಿನ ಫ್ಯಾನು, ಕಂಪ್ರೆಸರ್ ಓಡುವುದು ಅದರಿಂದ. ಇದನ್ನು ಮೊದಲ ಸಲ ಓದಿದಾಗ ನಾನು ನಕ್ಕುಬಿಟ್ಟೆ. ನಮ್ಮೂರಿನ ಉಪಾಯ ರೈಲ್ವೆಗೂ ಗೊತ್ತಿದೆ!

ಚಕ್ರ ತಿರುಗಿಸುವ ದೊಡ್ಡ ಮೋಟರಿಗೆ ಮಾತ್ರ ಈ ಉಪಾಯ ಸಾಲದು. ಅದಕ್ಕೆ ಬೇಕಾದದ್ದು ಕರೆಂಟಿನ ಲಯವನ್ನೇ ಬದಲಿಸುವ ಶಕ್ತಿ. ಅದು ಸಿಕ್ಕಿದ್ದು ಎಲೆಕ್ಟ್ರಾನಿಕ್ ಸ್ವಿಚ್‌ಗಳು ಬಂದ ಮೇಲೆ. 1979ರಲ್ಲಿ ಪಶ್ಚಿಮ ಜರ್ಮನಿ ಅಂಥ 120ನೇ ವರ್ಗದ ಇಂಜಿನ್ ಹಳಿಗಿಳಿಸಿತು. ನಮ್ಮಲ್ಲಿಗೆ 1995ರಲ್ಲಿ ಎಬಿಬಿ ಕಂಪನಿಯ ಡಬ್ಲ್ಯುಎಪಿ-5 ಬಂತು, ತಂತ್ರಜ್ಞಾನವೂ ಜೊತೆಗೆ ಬಂತು. ಅದರ ಮೇಲೆ 2000ದಲ್ಲಿ ಚಿತ್ತರಂಜನ್‌ನವರು ಡಬ್ಲ್ಯುಎಪಿ-7 ಕಟ್ಟಿದರು.

ಅದರೊಳಗೆ ನಡೆಯುವುದು ಇಷ್ಟು. ಮಾಡಿನ ಮೇಲಿನ ಪ್ಯಾಂಟೋಗ್ರಾಫ್ ತಂತಿಯನ್ನು ಮುಟ್ಟಿ 25,000 ವೋಲ್ಟು ಇಳಿಸಿಕೊಳ್ಳುತ್ತದೆ. ಟ್ರಾನ್ಸ್‌ಫಾರ್ಮರು, ಅಂದರೆ ನಮ್ಮ ಟಿಸಿಯ ದೊಡ್ಡ ರೂಪ, ಅದನ್ನು ಕಡಿಮೆ ಮಾಡುತ್ತದೆ. ಆಮೇಲೆ ಅದನ್ನು ಡಿಸಿ ಮಾಡಿ, ಸೆಕೆಂಡಿಗೆ ನೂರಾರು ಬಾರಿ ಸ್ವಿಚ್ ಹಾಕಿ ತೆಗೆದು, ಬೇಕಾದ ಲಯದ ತ್ರೀ ಫೇಸನ್ನು ಇಂಜಿನ್ನೇ ತಯಾರಿಸುತ್ತದೆ. ಹೊರಡುವಾಗ ನಿಧಾನ ಲಯ, ಓಡುವಾಗ ಚುರುಕು. ಯಾವ ಸ್ವಿಚ್ ಯಾವ ಕ್ಷಣದಲ್ಲಿ ಎಂದು ಹೇಳುವುದು ಪ್ರೋಗ್ರಾಮು. ಅದು ತಪ್ಪು ಹೇಳಿದರೆ ಏನಾಗುತ್ತದೆ ಎಂದು ಮೊದಲೇ ಹುಡುಕುವುದು ನನ್ನ ಕೆಲಸ. ಫೇಸ್ ತಪ್ಪಿದ್ದು ಗೊತ್ತಾಗಿಯೂ ಸುಮ್ಮನಿರುವ ಪ್ರೋಗ್ರಾಮನ್ನು ನಾನು ಪಾಸು ಮಾಡುವುದಿಲ್ಲ. ಕಾರಣ ನಿಮಗೆ ಗೊತ್ತು.

ಡಬ್ಲ್ಯುಎಪಿ-7ರ ತೂಕ 123 ಟನ್. ಆರು ಅಚ್ಚಿಗೆ ಆರು ಮೋಟರು, ಒಂದೊಂದೂ ಸಾವಿರ ಎಚ್‌ಪಿಗಿಂತ ಹೆಚ್ಚು. ನಮ್ಮ ಐದು ಎಚ್‌ಪಿ ಪಂಪ್‌ಸೆಟ್ ಇನ್ನೂರು ಸೇರಿದರೆ ಅದರ ಒಂದು ಮೋಟರು. 24 ಬೋಗಿಯ ರೈಲನ್ನು ಒಂಟಿಯಾಗಿ ಎಳೆಯುತ್ತದೆ. ಬ್ರೇಕ್ ಹಾಕಿದಾಗ ಅದೇ ಮೋಟರು ಜನರೇಟರ್ ಆಗಿ ಕರೆಂಟನ್ನು ತಂತಿಗೇ ಹಿಂದಿರುಗಿಸುತ್ತದೆ. ದೂರದ ಎಷ್ಟೋ ರೈಲುಗಳಲ್ಲಿ ದೀಪಕ್ಕೆ, ಎಸಿಗೆ ಡೀಸೆಲ್ ಸುಡುತ್ತಿದ್ದ ಜನರೇಟರ್ ಬೋಗಿಯ ಕೆಲಸವನ್ನೂ ಈಗ ಇಂಜಿನ್ನೇ ಮಾಡುತ್ತದೆ. ಇಂಥ ಇಂಜಿನ್‌ಗಳಿಗೆ ಬೇಕಾದ ವಿದ್ಯುತ್ ಪರಿವರ್ತಕಗಳನ್ನು ಬೆಂಗಳೂರಿನ ಬಿಎಚ್‌ಇಎಲ್‌ನಲ್ಲೂ ಮಾಡುತ್ತಾರೆ. ಕೊಂಕಣ ರೈಲ್ವೆಯ ಇಡೀ ಮಾರ್ಗಕ್ಕೆ ತಂತಿ ಎಳೆದು ಮುಗಿದದ್ದು 2022ರಲ್ಲಿ. ನಮ್ಮ ತಿಪಟೂರಿನ ಮೇಲೆ ಹಾದುಹೋಗುವ ಹಳಿಗೂ ತಂತಿ ಬಂದಾಗಿದೆ.

ಕೊನೆಯದಾಗಿ ಒಂದು ಮಾತು. ಬಿಇ ಎರಡನೇ ವರ್ಷದ ವೈವಾದಲ್ಲಿ ಪರೀಕ್ಷಕರು ಇಂಗ್ಲಿಷಿನಲ್ಲಿ ನನ್ನನ್ನು ಕೇಳಿದರು, ಸಿಂಗಲ್ ಫೇಸಿಂಗ್ ಎಂದರೇನು ಅಂತ. ಅದರ ಶಬ್ದ ನನಗೆ ಗೊತ್ತಿತ್ತು. ಸುಟ್ಟ ವಾರ್ನಿಷ್ ವಾಸನೆ ಗೊತ್ತಿತ್ತು. ಅಮ್ಮನ ಬರಿ ಕಿವಿ ಗೊತ್ತಿತ್ತು. ಬಾಯಿಂದ ಒಂದು ವಾಕ್ಯ ಹೊರಡಲಿಲ್ಲ. ‘ಬೇಸಿಕ್ಸೇ ಗೊತ್ತಿಲ್ಲ’ ಎಂದು ಕಳಿಸಿದರು. ಆ ದಿನ ಹಾಸ್ಟೆಲ್ಲಿನಲ್ಲಿ ಪೆಟ್ಟಿಗೆ ಕಟ್ಟಿದ್ದೆ. ಬಸ್‌ಸ್ಟ್ಯಾಂಡಿನಿಂದ ವೈಂಡಿಂಗ್ ಅಂಗಡಿಗೆ ಫೋನ್ ಮಾಡಿ, ಕೆಲಸಕ್ಕೆ ಬರಲಾ ಅಂದೆ. ಆ ಅಣ್ಣ, ‘ವಿಷಯ ನಿನಗೆ ಬರುತ್ತೆ ಕಣೋ, ಮಾತು ಬರಲ್ಲ ಅಷ್ಟೆ. ಮಾತು ಕಲಿಯೋಕೆ ಆರು ತಿಂಗಳು ಸಾಕು. ವಾಪಸ್ ಹೋಗು’ ಅಂದರು. ಹೋದೆ.

ಮಕ್ಕಳೇ, ನಿಮ್ಮ ಮನೆಯಲ್ಲಿ ಇರುವ ಮೋಟರು, ಸ್ಟಾರ್ಟರು, ಟ್ರ್ಯಾಕ್ಟರು ಇವೂ ಪಾಠವೇ. ಕನ್ನಡದಲ್ಲಿ ಗೊತ್ತಿರುವುದೂ ಗೊತ್ತಿರುವುದೇ. ಇಂಗ್ಲಿಷ್ ಖಂಡಿತ ಕಲಿಯಿರಿ, ಬಿಡಬೇಡಿ. ಆದರೆ ಅದು ಬರುವವರೆಗೂ ನಮಗೆ ಏನೂ ಬರುವುದಿಲ್ಲ ಅಂದುಕೊಳ್ಳಬೇಡಿ.

2004ರಲ್ಲಿ ಸುಟ್ಟ ಆ ಮೋಟರು ಆಮೇಲೂ ಹನ್ನೊಂದು ವರ್ಷ ನೀರೆತ್ತಿತು. ಈಗ ಅದನ್ನು ಅರ್ಧಕ್ಕೆ ಕೊಯ್ಯಿಸಿ, ಒಳಗಿನ ಸುರುಳಿ ಕಾಣುವ ಹಾಗೆ ಹಲಗೆಗೆ ಕೂರಿಸಿ ತಂದಿದ್ದೇನೆ. ಹೊರಗೆ ಜೀಪಿನಲ್ಲಿದೆ. ವಿಜ್ಞಾನದ ಕೊಠಡಿಯಲ್ಲಿ ಅದಕ್ಕೆ ಸ್ವಲ್ಪ ಜಾಗ ಕೊಡಬೇಕು ಎಂದು ಮುಖ್ಯೋಪಾಧ್ಯಾಯರಲ್ಲಿ ಕೇಳಿಕೊಳ್ಳುತ್ತೇನೆ. ತಿಂಗಳಿಗೊಂದು ಶನಿವಾರ ನಾನು ಬಂದು ಮಕ್ಕಳ ಜೊತೆ ಕೂರುತ್ತೇನೆ. ನರ್ಸ್ ಆಗಿರುವ, ಲೈನ್‌ಮನ್ ಆಗಿರುವ, ಗ್ಯಾರೇಜ್ ಇಟ್ಟಿರುವ ನನ್ನ ಗೆಳೆಯ ಗೆಳತಿಯರು ಉಳಿದ ಶನಿವಾರಗಳನ್ನು ಹಂಚಿಕೊಂಡರೆ ನಾಲ್ಕೂ ವಾರ ತುಂಬುತ್ತದೆ.

ಮಕ್ಕಳು ಮುಂದಿನ ಸಲ ತಿಪಟೂರು ಸ್ಟೇಷನ್ನಿಗೆ ಹೋದಾಗ ಪ್ಲಾಟ್‌ಫಾರಂ ತುದಿಯಲ್ಲಿ ನಿಂತು ಕರೆಂಟ್ ಇಂಜಿನ್ ಹೊರಡುವಾಗ ಕಿವಿಗೊಟ್ಟು ಕೇಳಿ. ಮೆಟ್ಟಿಲು ಹತ್ತಿದ ಹಾಗೆ ಒಂದು ಸ್ವರ ಏರುತ್ತದೆ. ಅದು ತ್ರೀ ಫೇಸ್ ಹುಟ್ಟುವ ಶಬ್ದ. ಶಬ್ದ ಬದಲಾದರೆ ಏಳಬೇಕು ಎಂಬುದನ್ನು ಮಾತ್ರ ಮರೆಯಬೇಡಿ.

ಅಪ್ಪ, ತಪ್ಪಾಯಿತು.