ಕೆಟ್ಟಿದ್ದು ನೀರಲ್ಲ, ನಮ್ಮ ಬಾಟ್ಲಿ

(ಸೈಕಲ್ ಜಾಥಾಕ್ಕೆ ಹೊರಡುವ ಮುನ್ನಾದಿನ ಅಕ್ಕಲಕೋಟದಲ್ಲಿ ನಮ್ಮ ಹುಡುಗ-ಹುಡುಗಿಯರ ಮುಂದೆ ಆಡಿದ ಮಾತು. ಬರಲಾಗದವರು ಕೇಳಿದ್ದರಿಂದ ಇಲ್ಲಿ ಬರೆದು ಹಾಕಿದ್ದೇವೆ. ಬ್ಯಾರೆ ಗಡಿ ತಾಲೂಕಿನವರಿಗೂ ಉಪಯೋಗ ಆಗಲಿ.)



ನಾಳೆ ಬೆಳಿಗ್ಗೆ 6ಕ್ಕೆ ಹೊರಡೋದು. ನಾಗಣಸೂರ, ಮೈಂದರ್ಗಿ, ದುಧನಿ ಕಡೆಯ ಹಳ್ಳಿಗಳಿಗೆ ಹೋಗಿ, ಶಾಲೆ ಸುರು ಆಗೋ ಮೊದಲು ಮನೆ ಮನೆಗೆ "ಮಕ್ಕಳನ್ನ ಕನ್ನಡ ಶಾಲೆಗೇ ಹಾಕ್ರಿ" ಅಂತ ಕೇಳೋದು. ಅಲ್ಲಿ ಏನು ಮಾತಾಡಬೇಕು ಅನ್ನೋದನ್ನ ಹಿರಿಯರು ಆಗಲೇ ಹೇಳಿದ್ದಾರೆ. ನಮ್ಮ ಪಾಲಿಗೆ ಬಂದ ವಿಷಯ ನೀರಿನ ಬಾಟ್ಲಿ. ನಗಬ್ಯಾಡ್ರಿ. ಹೋದ ವರ್ಷ ಜಾಥಾ ಅರ್ಧಕ್ಕೆ ನಿಂತಿದ್ದು ಇದರಿಂದಲೇ.

ಹೋದ ವರ್ಷ ನಾವು 18 ಮಂದಿ ಹೊರಟಿದ್ವಿ. ಮೊದಲ ದಿನ ಚಲೋ ಆಯ್ತು. ಎರಡನೇ ದಿನ ಮಧ್ಯಾಹ್ನ ಒಂದು ಊರಿನಲ್ಲಿ ಕೂತಾಗ ಐದು ಮಂದಿಗೆ ಹೊಟ್ಟೆ ಕಡಿತ, ವಾಂತಿ, ಭೇದಿ. ಟೆಂಪೋದಲ್ಲಿ ಹಾಕಿ ವಾಪಸ್ ಕಳಿಸಿದ್ವಿ. ಮುಂದಿನ ಎರಡು ಊರಿನ ಶಾಲೆಗಳಲ್ಲಿ ತಾಯಂದಿರು ಸಂಜೆತನಕ ಕಾದು ಎದ್ದು ಹೋದ್ರು.

ಆಗ ನಾವು ಇನ್ನೊಂದು ತಪ್ಪು ಮಾಡಿದ್ವಿ. "ಈ ಊರಿನ ನೀರೇ ಕೆಟ್ಟೈತಿ" ಅಂದುಬಿಟ್ವಿ. ನಮಗೆ ಕೊಡದಿಂದ ನೀರು ತಂದು ಕೊಟ್ಟ ಆಯಿ ಅಲ್ಲೇ ನಿಂತಿದ್ರು. "ಇದೇ ನೀರು ಕುಡದು ನಾಕು ಮಕ್ಕಳನ್ನ ಬೆಳಸೀನಪ್ಪಾ" ಅಂದು ಒಳಗೆ ಹೋದ್ರು. ನಮ್ಮ ಶಾಲೆ ಉಳಿಸ್ರಿ ಅಂತ ಕೇಳೋಕೆ ಹೋದವರು ಅವರ ಮನೆ ನೀರಿಗೇ ಹೆಸರಿಟ್ಟು ಬಂದ್ವಿ.

ಮನೆಗೆ ಬಂದ ಮೇಲೆ ಕೂತು ಲೆಕ್ಕ ಹಾಕಿದ್ವಿ. ಆ ನೀರು 18 ಮಂದಿಯೂ ಕುಡಿದಿದ್ರು, ಬಿದ್ದವರು ಐದೇ ಮಂದಿ. ಆ ಐದೂ ಮಂದಿಯ ಕೈಯಲ್ಲಿ ಸಿಪ್ಪರ್ ಬಾಟ್ಲಿ. ಹಿಂದಿನ ದಿನ ಅದರಲ್ಲಿ ಸಕ್ಕರೆ ಹಾಕಿದ ನಿಂಬೆ ಶರಬತ್ತು ತುಂಬಿ, ಬಿಸಿಲಲ್ಲಿ ಸೈಕಲ್ಲಿಗೆ ಸಿಗಿಸಿ, ಮರುದಿನ ಬರೀ ನೀರಿನಲ್ಲಿ ಕುಲುಕಿ ಮತ್ತೆ ತುಂಬಿದ್ರು. ಮುಚ್ಚಳ ಬಿಚ್ಚಿ ನೋಡಿದ್ರೆ ರಬ್ಬರ್ ರಿಂಗಿನ ಕೆಳಗೆ ಕರೀ ಬೂಸ್ಟು. ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿಲ್ಲ, ಖರೆ. ಆದ್ರೆ ಆ ರಿಂಗ್ ನೋಡಿದ ಮೇಲೆ ಊರಿನ ಕಡೆ ಬೆರಳು ತೋರಿಸೋ ಮುಖ ನಮಗೆ ಉಳೀಲಿಲ್ಲ.

ಬಾಟ್ಲಿಯ ಒಳಗೆ ಬೆರಳಾಡಿಸಿದ್ರೆ ಒಮ್ಮೊಮ್ಮೆ ಜಾರ್ತದಲ್ಲ, ಆ ಲೋಳೆ ಬರೀ ಹೊಲಸಲ್ಲ. ಸೂಕ್ಷ್ಮಜೀವಿಗಳು ಒಂದಕ್ಕೊಂದು ಅಂಟಿಕೊಂಡು ಕಟ್ಟಿಕೊಂಡ ಮನೆ ಅದು. ಬಾಯಿ ಹಚ್ಚಿ ಕುಡಿದಾಗ ನಮ್ಮ ಎಂಜಲಿನಿಂದ ಅವು ಒಳಗೆ ಹೋಗ್ತಾವೆ. ಶೆಕೆ, ತೇವ, ಸಕ್ಕರೆ ಮೂರೂ ಸಿಕ್ಕರೆ ಒಂದೇ ದಿನದಲ್ಲಿ ಬೆಳೀತಾವೆ. ನಮ್ಮ ಸೊಲ್ಲಾಪುರ ಸೀಮೆಯ ಬ್ಯಾಸಗಿ 40 ಡಿಗ್ರಿ ದಾಟೋದು, ಅವಕ್ಕೆ ಹಬ್ಬ. ನೀರು ಹಾಕಿ ಕುಲುಕಿದ್ರೆ ಲೋಳೆ ಹೋಗಂಗಿಲ್ಲ, ತಿಕ್ಕಬೇಕು.

ನಾವು ಬ್ಯಾಂಕಿನ ಮಂದಿ. ಸಂಜೆ ಕೌಂಟರಿನ ರೊಕ್ಕ ತಾಳೆ ಆಗದೆ ಮನೆಗೆ ಹೋಗಂಗಿಲ್ಲ. ಬಾಟ್ಲಿಗೂ ಅದೇ ನಿಯಮ ಹಾಕ್ಕೊಳ್ರಿ. ಅವತ್ತಿನದು ಅವತ್ತೇ ತೊಳೀರಿ.

ತೊಳೆಯೋದು ಹೀಗೆ. ಮೊದಲು ಮುಚ್ಚಳ, ಮೂತಿ, ಕೊಳವೆ, ರಬ್ಬರ್ ರಿಂಗ್ ಎಲ್ಲಾ ಬಿಚ್ಚಿ ಬ್ಯಾರೆ ಮಾಡ್ರಿ. ರಿಂಗ್ ತೆಗಿಯೋಕೆ ಚಮಚದ ಹಿಂದಿನ ತುದಿ ಸಾಕು, ಚಾಕು ಹಚ್ಚಬ್ಯಾಡ್ರಿ. ಉಗುರು ಬೆಚ್ಚಗಿನ ನೀರು, ಪಾತ್ರೆ ತೊಳೆಯೋ ಸಾಬೂನು, ಉದ್ದನೆ ಬ್ರಶ್. ಮೂತಿಗೆ ಹಳೇ ಹಲ್ಲುಜ್ಜೋ ಬ್ರಶ್ಶನ್ನ ಕುದಿಯೋ ನೀರಿನಲ್ಲಿ ಅದ್ದಿ, ಅದಕ್ಕೇ ಅಂತ ಬ್ಯಾರೆ ಇಟ್ಕೊಳ್ರಿ. ಬಾಯಿ ಸಣ್ಣದಿದ್ದು ಬ್ರಶ್ ಹೋಗದಿದ್ರೆ ಒಂದು ಹಿಡಿ ಅಕ್ಕಿ, ಸಾಬೂನು ನೀರು ಹಾಕಿ ಜೋರಾಗಿ ಕುಲುಕ್ರಿ. ಸಾಬೂನು ಹೋಗೋವರೆಗೂ ಒಳ್ಳೆ ನೀರಿನಲ್ಲಿ ಜಾಲಾಡ್ರಿ. ಕಡೆಗೆ ಮುಚ್ಚಳ ಹಾಕದೆ ಬೋರಲು ಹಾಕಿ ಒಣಗಿಸ್ರಿ. ಬಹಳ ಮಂದಿ ತಪ್ಪೋದು ಇಲ್ಲೇ. ತೊಳೆದ ಹಸಿ ಬಾಟ್ಲಿಗೆ ಮುಚ್ಚಳ ಬಿಗಿದಿಟ್ರೆ ಬೂಸ್ಟು ಮತ್ತೆ ಬರ್ತದೆ.

ವಾಸನೆ ಹೊಡೀತಿದ್ರೆ ಬೆಚ್ಚಗಿನ ನೀರಿಗೆ ಎರಡು ಚಮಚ ಅಡುಗೆ ಸೋಡಾ ಹಾಕಿ ರಾತ್ರಿಯೆಲ್ಲಾ ಬಿಡ್ರಿ. ನಮ್ಮ ಬೋರಿನ ಸವಳು ನೀರಿನಿಂದ ಒಳಗೆ ಬೆಳ್ಳಗೆ ಪದರ ಕಟ್ಟಿದ್ರೆ ಅದು ಸುಣ್ಣದಂಶ. ನಿಂಬೆರಸ ಇಲ್ಲಾ ಹುಣಸೆ ನೀರು ಹಾಕಿ ಒಂದು ತಾಸು ಬಿಟ್ಟು ತಿಕ್ಕಿದ್ರೆ ಬಿಡ್ತದೆ. ಬ್ಲೀಚಿಂಗ್ ಪೌಡರನ್ನ ಮಾತ್ರ ಯಾವ ಹುಳಿ ಜೊತೆಗೂ ಬೆರೆಸಬ್ಯಾಡ್ರಿ, ವಿಷದ ಗಾಳಿ ಏಳ್ತದೆ. ಇಷ್ಟೆಲ್ಲಾ ಮಾಡಿದ್ರೂ ರಿಂಗಿನ ಕಪ್ಪು ಹೋಗದಿದ್ರೆ, ಬಾಟ್ಲಿ ಒಳಗೆ ಗೀರು ಬಿದ್ದು ಬಿರುಕು ಬಿಟ್ಟಿದ್ರೆ, ಅದನ್ನ ಬಿಟ್ಟುಬಿಡ್ರಿ.

ಇನ್ನು ಎಂಥಾ ಬಾಟ್ಲಿ ಅನ್ನೋದು. ಅಂಗಡಿಯ ನೀರಿನ ತೆಳು ಬಾಟ್ಲಿ ಒಂದು ಸಲಕ್ಕೆ ಅಂತ ಮಾಡಿದ್ದು. ಬುಡದಲ್ಲಿ ತ್ರಿಕೋನದೊಳಗೆ 1 ಅಂತ ಇರ್ತದೆ. ಅದನ್ನೇ ತಿಂಗಳುಗಟ್ಟಲೆ ತುಂಬಬ್ಯಾಡ್ರಿ, ಬಿಸಿ ನೀರಂತೂ ಹಾಕಲೇಬ್ಯಾಡ್ರಿ. ಸ್ಟೀಲಿಂದು ಅಥವಾ 5ನೇ ನಂಬರಿನ ಗಟ್ಟಿ ಪ್ಲಾಸ್ಟಿಕ್, ಕೈ ಹೋಗೋವಷ್ಟು ಅಗಲ ಬಾಯಿದು ಇದ್ರೆ ಚಲೋ. ತಾಮ್ರದ್ದಕ್ಕೆ ಬರೀ ನೀರು. ಶರಬತ್ತು, ಮಜ್ಜಿಗೆ ಹಾಕಿದ್ರೆ ಹುಳಿ ತಾಮ್ರವನ್ನ ಬಿಡಿಸ್ತದೆ. ಇನ್ನೊಂದು ಮಾತು ಗಟ್ಟಿಯಾಗಿ ಹೇಳ್ತೀವಿ. ದ್ರಾಕ್ಷಿ, ದಾಳಿಂಬೆಗೆ ಹೊಡೆಯೋ ಔಷಧಿಯ ಡಬ್ಬಿ ಎಷ್ಟೇ ಸಲ ತೊಳೆದಿರಲಿ, ಎಷ್ಟೇ ಚಂದ ಇರಲಿ, ಅದರಲ್ಲಿ ಕುಡಿಯೋ ನೀರು ಬ್ಯಾಡ. ಹೊಲದಾಗ ಯಾರಾದ್ರೂ ಹಂಗ ಮಾಡ್ತಿದ್ರೆ ತಡೀರಿ.

ಸೈಕಲ್ ಮ್ಯಾಲಿನ ಮಾತು. ಬಾಟ್ಲಿಯನ್ನ ಚೀಲದಲ್ಲಿ ಹಾಕಿ ಹ್ಯಾಂಡಲಿಗೆ ತೂಗು ಬಿಡಬ್ಯಾಡ್ರಿ. ಚೀಲ ಓಲಾಡಿ ಮುಂದಿನ ಗಾಲಿಯ ಕಡ್ಡಿಗೆ ಸಿಕ್ಕರೆ ತಲೆಕೆಳಗಾಗಿ ಬೀಳ್ತೀರಿ. ಹೋಲ್ಡರ್ ಇಲ್ಲದವರು ಕ್ಯಾರಿಯರಿಗೆ ಹಳೇ ಟ್ಯೂಬಿನ ಪಟ್ಟಿಯಿಂದ ಬಿಗೀರಿ. ಸಡಿಲ ಇದ್ರೆ ಬಾಟ್ಲಿ ಹಾರಿ ಹಿಂದಿನವರ ಗಾಲಿಗೆ ಬೀಳ್ತದೆ. ಕೆಳಗಿನ ಹೋಲ್ಡರಿನಲ್ಲಿ ಇಟ್ಟದ್ದಕ್ಕೆ ಮುಂದಿನ ಗಾಲಿಯಿಂದ ಧೂಳು, ಸೆಗಣಿ, ಕೆಸರು ಎಲ್ಲಾ ಸಿಡೀತದೆ. ಮೂತಿ ಮುಚ್ಚೋ ಟೋಪಿ ಇರಲಿ, ಕುಡಿಯೋ ಮೊದಲು ಒರೆಸ್ರಿ. ಓಡಿಸ್ತಾ ಕುಡಿಯಬ್ಯಾಡ್ರಿ, ಕಾಲು ನೆಲಕ್ಕೆ ಊರಿ ಕುಡೀರಿ. ತಗ್ಗಿನಲ್ಲಿ ಗಾಲಿ ಇಳಿದ್ರೆ ಸ್ಟೀಲ್ ಬಾಟ್ಲಿ ಹಲ್ಲು ಮುರೀತದೆ.

ಬಿಸಿಲಲ್ಲಿ ತಾಸಿಗೆ ಅರ್ಧ ಲೀಟರಿಗೆ ಕಡಿಮೆ ಆಗದಂಗ, ಗುಟುಕು ಗುಟುಕಾಗಿ ಕುಡೀರಿ. ಶರಬತ್ತು, ಮಜ್ಜಿಗೆ ಬೇಕಾದ್ರೆ ಲೋಟದಲ್ಲಿ ಕುಡಿದು ಮುಗಿಸ್ರಿ. ಬಾಟ್ಲಿಯಲ್ಲಿ ಬರೀ ನೀರು ಇರಲಿ. ಯಾರಿಗಾದ್ರೂ ಭೇದಿ ಸುರು ಆದ್ರೆ 1 ಲೀಟರ್ ಕುದಿಸಿ ಆರಿಸಿದ ನೀರಿಗೆ ಚಹಾ ಚಮಚದಿಂದ 6 ಮಟ್ಟಸ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಹಾಕಿ ಕೊಡ್ರಿ. ಉಳಿದದ್ದನ್ನ 24 ತಾಸಿನ ಮೇಲೆ ಚೆಲ್ರಿ. ಕಡಿಮೆ ಆಗದಿದ್ರೆ ದವಾಖಾನೆಗೆ.

ಒಬ್ಬರ ಬಾಟ್ಲಿಗೆ ಒಬ್ಬರು ಬಾಯಿ ಹಚ್ಚಬ್ಯಾಡ್ರಿ. ಹಂಚಿಕೊಳ್ಳೋದಿದ್ರೆ ನಮ್ಮ ಹಿರಿಯರಂಗ ಎತ್ತಿ ಕುಡೀರಿ. ಅದಲು ಬದಲು ಆಗದಂಗ ಬಾಟ್ಲಿ ಮ್ಯಾಲೆ ಪಟ್ಟಿ ಅಂಟಿಸಿ ಹೆಸರು ಬರೀರಿ, ಕನ್ನಡದಲ್ಲಿ ಬರೀರಿ. ಹಳ್ಳಿಯ ಸಣ್ಣ ಮಕ್ಕಳು ಅದನ್ನ ಓದೋಕೆ ನೋಡ್ತಾರೆ. ಬಾಟ್ಲಿ ತೊಳೆಯೋ ರೀತಿಯನ್ನೂ ಒಂದು ಹಾಳೆಯಲ್ಲಿ ಕನ್ನಡದಲ್ಲೇ ಬರೆದು ತಂದಿದ್ದೀವಿ. ಮಾಸ್ತರರನ್ನ ಕೇಳಿ ಪ್ರತಿ ಶಾಲೆಯಲ್ಲೂ ನೀರಿನ ನಳದ ಹತ್ತಿರ ಅಂಟಿಸೋಣ. ಶಾಲೆಗೆ ಮಕ್ಕಳೂ ಬಾಟ್ಲಿ ತರ್ತಾರಲ್ಲ.

ನಾಳೆ ಎಲ್ಲಕ್ಕಿಂತ ಮೊದಲು ಆ ಆಯಿಯ ಊರಿಗೇ ಹೋಗೋದು ಅಂತ ಮಾತಾಡಿಕೊಂಡಿದ್ದೀವಿ. ಶಾಲೆ ಮಾತು ಆಮ್ಯಾಲೆ. ಮೊದಲು ಅವರ ಬಾಗಿಲಿಗೆ ಹೋಗಿ "ಆಯೀ, ನಿಮ್ಮ ನೀರು ಕೆಟ್ಟಿರಲಿಲ್ಲ, ನಮ್ಮ ಬಾಟ್ಲಿ ಕೆಟ್ಟಿತ್ತು, ತಪ್ಪಾಯ್ತು" ಅನ್ನೋದು. ಆಮ್ಯಾಲೆ ಅವರ ಕೊಡದ ನೀರನ್ನೇ ನಮ್ಮ ಬಾಟ್ಲಿಗೆ ತುಂಬಿಸ್ಕೊಳ್ಳೋದು. ತೊಳೆದ ಬಾಟ್ಲಿ ಇದ್ರೇನೇ ಆ ಮಾತು ಆಡೋಕೆ ಬರ್ತದೆ.

ಹಂಗಾಗಿ ಈಗ ಭಾಷಣ ಸಾಕು. ಹೊರಗೆ ನಳ ಐತಿ, ಸಾಬೂನು ಐತಿ, ಮೂರು ಬ್ರಶ್ ತಂದೀವಿ. ನಿಮ್ಮ ನಿಮ್ಮ ಬಾಟ್ಲಿ ತಗೊಂಡು ಬರ್ರಿ. ಮೊದಲು ಆ ರಬ್ಬರ್ ರಿಂಗ್ ತೆಗೆದು ನೋಡ್ರಿ.