ಸೋಯಾ ಅವರೆ ಮತ್ತು ಅದರ ತರುವಾಯದ ಬೆಳೆ: ಉಳುಮೆ, ಗೊಬ್ಬರಗಳ ವಿಚಾರ



ಬೀದರ, ಬೆಳಗಾವಿ, ಧಾರವಾಡ ಸೀಮೆಗಳ ಎರೆಭೂಮಿಯಲ್ಲಿ ಮುಂಗಾರಿಗೆ ಸೋಯಾ ಅವರೆಯನ್ನೂ ಹಿಂಗಾರಿಗೆ ಕಡಲೆ ಅಥವಾ ಬಿಳಿಜೋಳವನ್ನೂ ಬೆಳೆಯುವ ಪದ್ಧತಿಯು ರೂಢಿಯಲ್ಲಿದೆ. ಸೋಯಾ ಅವರೆಯು ದ್ವಿದಳಧಾನ್ಯವಾದುದರಿಂದ ಭೂಮಿಗೆ ಸಾರವನ್ನು ಕೂಡಿಸುವುದೆಂದೂ, ಅದರ ತರುವಾಯದ ಪೈರಿಗೆ ಗೊಬ್ಬರದ ಚಿಂತೆ ಬೇಡವೆಂದೂ ಅನೇಕ ಜಮೀನುದಾರರು ನಂಬಿರುತ್ತಾರೆ. ಈ ನಂಬಿಕೆಯು ಅರ್ಧ ಮಾತ್ರ ನಿಜ.

ಲೆಕ್ಕವನ್ನು ನೋಡಬಹುದು. ಒಂದು ಕ್ವಿಂಟಾಲ್ ಸೋಯಾ ಕಾಳಿನಲ್ಲಿ ಸುಮಾರು 40 ಕಿಲೋ ಸಸಾರಜನಕವಿದ್ದು, ಅದರಲ್ಲಿ ಅಡಗಿರುವ ಸಾರಜನಕವು 6 ಕಿಲೋ ಆಗುತ್ತದೆ. ಎಕರೆಗೆ 6 ಕ್ವಿಂಟಾಲ್ ಕಾಳು ಬಂದರೆ 36 ಕಿಲೋ ಸಾರಜನಕವು ಚೀಲ ಸೇರಿ ಪೇಟೆಗೆ ಹೋಯಿತು. ಬೇರುಗಂಟುಗಳ ಮೂಲಕ ಗಿಡವು ಗಾಳಿಯಿಂದ ಪಡೆಯುವುದು ತನಗೆ ಬೇಕಾದುದರಲ್ಲಿ ಸಾಮಾನ್ಯವಾಗಿ ಅರ್ಧ, ಅಥವಾ ಅದಕ್ಕಿಂತ ತುಸು ಹೆಚ್ಚು, ಮಿಕ್ಕದ್ದೆಲ್ಲವೂ ಮಣ್ಣಿನದೇ. ಇದರ ಮೇಲೆ ಹೊಟ್ಟಿಗೂ ಬೆಂಕಿಯಿಟ್ಟರೆ ಹೊಲಕ್ಕೆ ಉಳಿಯುವುದು ಬೇರು ಮತ್ತು ಉದುರಿದ ಎಲೆ ಮಾತ್ರ. ಆದುದರಿಂದ ಹೊಟ್ಟನ್ನು ಸುಡಕೂಡದು. ತಿಪ್ಪೆಗೋ ಹೊಲಕ್ಕೋ ಸೇರಿಸತಕ್ಕದ್ದು.

ಸೋಯಾ ಅವರೆಯ ಬೇರಿನಲ್ಲಿ ಗಂಟು ಕಟ್ಟಲು ಅದಕ್ಕೇ ಹೊಂದುವ ಅಣುಜೀವಿಯು ಬೇಕು. ಹೊಸದಾಗಿ ಈ ಬೆಳೆಯನ್ನಿಡುವ ಹೊಲದಲ್ಲಿ ಅದು ಸಾಕಷ್ಟಿರುವುದಿಲ್ಲ. ಬೀಜಕ್ಕೆ ರೈಜೋಬಿಯಂ ಲೇಪಿಸಿ, ನೆರಳಿನಲ್ಲಿ ಆರಿಸಿ, ಅಂದೇ ಬಿತ್ತಬೇಕು. ಪೈರು ಕಪ್ಪಗೆ ಕಾಣಲೆಂದು ಯೂರಿಯಾವನ್ನು ಮೇಲಿಂದ ಮೇಲೆ ಎರಚಿದರೆ ಗಂಟು ಕಟ್ಟುವುದು ಕುಗ್ಗುತ್ತದೆ. ಕುಳಿತಲ್ಲಿಗೇ ಊಟ ಬಂದರೆ ದುಡಿಯುವವರಾರು? ಬಿತ್ತಿದ ನಲವತ್ತು ದಿನಗಳ ಮೇಲೆ ಒಂದೆರಡು ಗಿಡಗಳನ್ನು ಅಗೆದು ತೆಗೆದು ಗಂಟನ್ನು ಸೀಳಿ ನೋಡಬೇಕು. ಒಳಗೆ ನಸುಗೆಂಪಾಗಿದ್ದರೆ ಕೆಲಸ ನಡೆದಿದೆ. ಬೆಳ್ಳಗೋ ಹಸಿರಾಗಿಯೋ ಇದ್ದರೆ ಇಲ್ಲ.

ಡಿ.ಎ.ಪಿ. ಚೀಲವೊಂದನ್ನೇ ನೆಚ್ಚುವುದು ವಾಡಿಕೆಯಾಗಿದೆ. ಅದರಲ್ಲಿ ರಂಜಕವು ಹೇರಳವಾಗಿದ್ದರೂ ಗಂಧಕವಿಲ್ಲ. ಎಣ್ಣೆಕಾಳಿಗೆ ಗಂಧಕವು ಅವಶ್ಯ. ಸೂಪರ್ ಫಾಸ್ಫೇಟಿನಲ್ಲಾದರೆ ನೂರಕ್ಕೆ 16 ಪಾಲು ರಂಜಕದೊಡನೆ 11 ಪಾಲು ಗಂಧಕವೂ ದೊರೆಯುತ್ತದೆ. ರಂಜಕವು ಮಣ್ಣಿನಲ್ಲಿ ಹೆಚ್ಚು ಕದಲದಾದ್ದರಿಂದ ಅದನ್ನು ಕೂರಿಗೆಯಲ್ಲಿ ಬೀಜಕ್ಕಿಂತ ತುಸು ಕೆಳಗೆ ಬೀಳಿಸತಕ್ಕದ್ದು. ಮುಂಗಾರಿನಲ್ಲಿ ಉಳಿದ ಪಾಲು ಕಡಲೆಗೂ ಒದಗುತ್ತದೆ.

ಹೆಚ್ಚಿನ ನಷ್ಟವಾಗುವುದು ಉಳುಮೆಯಲ್ಲಿ. ಸೋಯಾ ಕಟಾವಾಗುವ ಹೊತ್ತಿಗೆ ಮಳೆಗಾಲವು ಮುಗಿಯುತ್ತ ಬಂದಿರುತ್ತದೆ. ಹಿಂಗಾರಿನ ಪೈರು ಬಹುಮಟ್ಟಿಗೆ ಎರೆಯಲ್ಲಿ ನಿಂತ ತೇವದಿಂದಲೇ ಬದುಕಬೇಕು. ಆಗ ಆಳವಾಗಿ ಉತ್ತರೆ ಹಸಿಮಣ್ಣು ಮೇಲೆ ಬಂದು ಬಿಸಿಲಿಗೆ ಒಣಗಿ ಹೆಂಟೆಗಟ್ಟುತ್ತದೆ. ಬಿತ್ತಿದ ಕಡಲೆ ಸರಿಯಾಗಿ ಹುಟ್ಟುವುದಿಲ್ಲ. ಒಮ್ಮೆ ಕುಂಟೆ ಹೊಡೆದು ಒಡನೆಯೇ ಬಿತ್ತುವುದು ಲೇಸು. ಕಳೆಯಿಲ್ಲದ ಹೊಲದಲ್ಲಿ ಕುಂಟೆಯೂ ಬೇಡ, ನೇರವಾಗಿ ಬಿತ್ತಬಹುದು. ಆಳದ ಉಳುಮೆಗೆ ಬೇಸಿಗೆಯೇ ತಕ್ಕ ಕಾಲ, ಅದೂ ಪ್ರತಿವರ್ಷ ಬೇಕಾಗಿಲ್ಲ. ಕಟಾವಿನ ಕಾಲದಲ್ಲಿ ಕೂರಿಗೆಗೆ ಎಲ್ಲರೂ ಒಮ್ಮೆಗೇ ಕಾಯುವಂತಾಗುವುದರಿಂದ, ಊರಿನ ಮುಖಂಡರು ಸರದಿಯನ್ನು ಮೊದಲೇ ಗೊತ್ತುಮಾಡಿಡತಕ್ಕದ್ದು.

ಸೋಯಾ ಅವರೆಯ ಮೇಲೆ ಕಡಲೆಯನ್ನಿಟ್ಟರೆ ಸಾರಜನಕವು ಅಲ್ಪ ಪ್ರಮಾಣದಲ್ಲಿ ಸಾಕು. ಬಿಳಿಜೋಳವನ್ನಿಡುವವರು ಮಾತ್ರ ಅದಕ್ಕೆ ವಾಡಿಕೆಯ ಗೊಬ್ಬರವನ್ನು ಬಿತ್ತನೆಯೊಡನೆಯೇ ಕೊಡಬೇಕು.